ಯಾವ ನೆಲಕ್ಕೆ ಯಾವ ಸಸಿ?

1950ರಲ್ಲಿ ಕೇಂದ್ರ ಸಚಿವರಾಗಿದ್ದ ಕೆ. ಎಂ. ಮುನ್ಷಿ ವನಮಹೋತ್ಸವಕ್ಕೆ ಚಾಲನೆ ಕೊಟ್ಟ ಮೇಲೆ ಮಳೆಗಾಲದಲ್ಲಿ ಸಸಿ ನೆಡುವುದು ನಮಗೊಂದು ಸಾರ್ವಜನಿಕ ಹಬ್ಬವೇ ಆಗಿದೆ. ಹಬ್ಬ ಮುಗಿದ ಮೇಲೆ ಉಳಿಯುವುದು ಮಾತ್ರ ನೆಟ್ಟ ಸಸಿಗಳ ಲೆಕ್ಕ. ಆ ಸಸಿ ಯಾವ ಜಾತಿಯದು, ಆ ನೆಲಕ್ಕೆ ಹೊಂದುತ್ತದೆಯೇ, ಅದನ್ನು ಆರಿಸಿದವರು ಯಾರು ಎಂದು ಕೇಳುವವರು ಕಡಿಮೆ. ಜೀವವೈವಿಧ್ಯಕ್ಕಾಗಿ ಊರವರೇ ನಾಡತಳಿ ಮರಗಳನ್ನು ಬೆಳೆಸುವ ಕೆಲಸ ಗೆಲ್ಲುವುದು, ಸೋಲುವುದು ಈ ಮೂರು ಪ್ರಶ್ನೆಗಳ ಮೇಲೆಯೇ. ಹಾವೇರಿ ಜಿಲ್ಲೆಯ ಎರಡು ನಿದರ್ಶನಗಳು ಇದನ್ನು ಸ್ಪಷ್ಟಪಡಿಸುತ್ತವೆ.

ಮೊದಲನೆಯದು ಕುಸನೂರಿನದು. 1980ರ ದಶಕದಲ್ಲಿ ಕಾಗದ ಮತ್ತು ರೇಯಾನ್ ತಯಾರಿಕೆಗೆ ಬೇಕಾದ ತಿರುಳಿಗಾಗಿ, ಊರವರು ದನ ಮೇಯಿಸುತ್ತಿದ್ದ, ಸೌದೆ ಸೊಪ್ಪು ತರುತ್ತಿದ್ದ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿಗೆ ಸರ್ಕಾರ ಒಪ್ಪಿಗೆ ಕೊಟ್ಟಿತು. ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ 1987ರ ನವೆಂಬರ್ 14ರಂದು ಜನ ನೀಲಗಿರಿ ಸಸಿ ಕಿತ್ತು, ಅದೇ ಜಾಗದಲ್ಲಿ ಹಣ್ಣು, ಮೇವು ಕೊಡುವ ಸಸಿ ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹವೆಂದು ಹೆಸರಾದ ಈ ಹೋರಾಟದ ಜೊತೆಗೇ ಶಿವರಾಮ ಕಾರಂತರೂ ಸೇರಿದ ಅರ್ಜಿದಾರರು ಸುಪ್ರೀಂ ಕೋರ್ಟಿನ ಮೊರೆಹೋಗಿದ್ದರು. ಕೊನೆಗೆ ಆ ಕಂಪನಿಯನ್ನು ಮುಚ್ಚಬೇಕಾಯಿತು. ಜನರ ಸಿಟ್ಟು ಮರದ ಮೇಲಿರಲಿಲ್ಲ. ತಮ್ಮ ನೆಲದಲ್ಲಿ ಏನು ಬೆಳೆಯಬೇಕೆಂದು ತಮ್ಮನ್ನು ಕೇಳದೆ ತೀರ್ಮಾನಿಸಿದ್ದರ ಮೇಲಿತ್ತು.

ಊರವರಿಗೆ ಬೇಕಾದ ಮರ ಬಹುಪಾಲು ಹಕ್ಕಿ, ಹುಳುಗಳಿಗೂ ಬೇಕಾದದ್ದೇ. ಅತ್ತಿ, ಆಲ, ಬಸರಿಯಂಥ ಮರಗಳ ಪರಾಗಸ್ಪರ್ಶಕ್ಕೆ ಸಾಮಾನ್ಯವಾಗಿ ಆಯಾ ಜಾತಿಗೇ ಮೀಸಲಾದ ಪುಟ್ಟ ಕಣಜಗಳಿವೆ. ಬೇರೆ ಮರಗಳಲ್ಲಿ ಹಣ್ಣಿಲ್ಲದ ಕಾಲದಲ್ಲೂ ಇವುಗಳಲ್ಲಿ ಯಾವುದಾದರೊಂದು ಹಣ್ಣು ಬಿಡುವುದರಿಂದ ಮಂಗಟ್ಟೆ, ಕುಟ್ರುಹಕ್ಕಿ, ಬಾವಲಿಗಳ ಹೊಟ್ಟೆ ತುಂಬುತ್ತದೆ. ಬೀಜಗಳೂ ದೂರದೂರಕ್ಕೆ ಹೋಗಿ ಬೀಳುತ್ತವೆ. ಚಿಟ್ಟೆಯ ಮರಿಹುಳುಗಳಂತೂ ಸಿಕ್ಕ ಸೊಪ್ಪನ್ನೆಲ್ಲ ತಿನ್ನುವುದಿಲ್ಲ. ಕೆಲವಕ್ಕೆ ಕರಿಬೇವೋ ಬಿಲ್ವವೋ ಬೇಕು, ಕೆಲವಕ್ಕೆ ಎಕ್ಕವೇ ಆಗಬೇಕು. ಹೂವಿನ ತೋಟ ಚಿಟ್ಟೆಯನ್ನು ಕರೆದೀತು. ಅದರ ಸಂತಾನ ಉಳಿಸುವುದು ಈ ಗಿಡಗಳು.

ಹಾಗೆಂದು ನಾಡತಳಿಯಾದರೆ ಎಲ್ಲಿ ಬೇಕಾದರೂ ನೆಡಬಹುದೆಂದಲ್ಲ. ಅದಕ್ಕೆ ರಾಣೇಬೆನ್ನೂರಿನ ನಿದರ್ಶನವಿದೆ. 1974ರಲ್ಲಿ ಕೃಷ್ಣಮೃಗಗಳಿಗಾಗಿ ಘೋಷಣೆಯಾದ ಆ ಅಭಯಾರಣ್ಯದ ಬಹುಭಾಗವನ್ನು ನೀಲಗಿರಿ ನೆಡುತೋಪುಗಳೇ ಆವರಿಸಿಕೊಂಡವು. ಕೃಷ್ಣಮೃಗಕ್ಕೂ, ಒಮ್ಮೆ ಅಲ್ಲಿ ಕಾಣುತ್ತಿದ್ದ ಎರ್ಲಡ್ಡು ಹಕ್ಕಿಗೂ ಬೇಕಾದದ್ದು ಬಯಲು, ಹುಲ್ಲು. ಅಂಥ ಕಡೆ ನೀಲಗಿರಿಯ ಬದಲು ಹೊಂಗೆಯನ್ನೇ ಒತ್ತೊತ್ತಾಗಿ ಬೆಳೆಸಿದರೂ ಹುಲ್ಲುಗಾವಲು ಹುಲ್ಲುಗಾವಲಾಗಿ ಉಳಿಯುವುದಿಲ್ಲ. ಒಂದು ಮರ ನಮ್ಮ ರಾಜ್ಯದ್ದಾದರೆ ಸಾಲದು, ಆ ನೆಲದ್ದೂ ಆಗಿರಬೇಕು.

ನಾಡಮರ ಬೆಳೆಯುವಷ್ಟರಲ್ಲಿ ವರ್ಷಗಳೇ ಕಳೆಯುತ್ತವೆ, ಅಕೇಶಿಯಾವನ್ನಾದರೆ ದನ ಮುಟ್ಟುವುದಿಲ್ಲ, ಬೇಗ ಸೌದೆಯೂ ಸಿಗುತ್ತದೆ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ರೈತ ತನ್ನ ಹೊಲದ ಬದುವಿನಲ್ಲಿ ಬೇಗ ಬೆಳೆಯುವ ಮರ ಹಾಕಿಕೊಳ್ಳುವುದು ಅವನ ಲೆಕ್ಕಾಚಾರ. ಆದರೆ ಗೋಮಾಳ, ಕೆರೆದಂಡೆ, ಗುಂಡುತೋಪುಗಳಲ್ಲಿ ಲಾಭವನ್ನು ಸೌದೆಯ ತೂಕದಿಂದಷ್ಟೇ ಅಳೆಯಲಾಗದು. ಅಲ್ಲಿ ಮೇವು, ಹಣ್ಣು, ಜೇನು, ನೆರಳೂ ಲೆಕ್ಕಕ್ಕೆ ಬರಬೇಕು. ಇನ್ನೊಂದು ಆಕ್ಷೇಪವಿದೆ: ನಾವು ನಮ್ಮದೆನ್ನುವ ಹುಣಸೆಯ ಮೂಲ ಆಫ್ರಿಕಾ, ಗೇರಿನದು ಬ್ರೆಜಿಲ್, ಹಾಗಿರುವಾಗ ಈ ಮಡಿವಂತಿಕೆ ಏಕೆ? ಹೊರಗಿನ ಮರವನ್ನೆಲ್ಲ ಕಡಿಯಿರಿ ಎಂದು ಯಾರೂ ಹೇಳಬೇಕಾಗಿಲ್ಲ. ತಕರಾರು ಇರುವುದು ಒಂದೇ ಜಾತಿಯ ಮರ ಬೆಟ್ಟಗಟ್ಟಲೆ ಆವರಿಸಿ, ಉಳಿದ ಜೀವಗಳಿಗೆ ಎಡೆಯಿಲ್ಲದಂತೆ ಮಾಡುವುದರ ಬಗ್ಗೆ.

ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ಗುಂಡಿ ತೋಡುವುದಕ್ಕೂ ಮೊದಲು. ಬೇವಿನ ಬೀಜ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಹಣ್ಣಾಗುವ ಕಾಲ ಬಲ್ಲವರೇ ಅದನ್ನು ಹೊತ್ತಿಗೆ ಸರಿಯಾಗಿ ಆಯ್ದು ತರಬಲ್ಲರು. ಅಂಕೋಲಾದ ತುಳಸಿ ಗೌಡರಿಗೆ ಪದ್ಮಶ್ರೀ ತಂದುಕೊಟ್ಟದ್ದು ತಾಯಿಮರ ಗುರುತಿಸಿ ಬೀಜ ಸಂಗ್ರಹಿಸುವ ಇಂಥ ತಿಳಿವಳಿಕೆಯೇ. ಪ್ರತಿ ಊರಲ್ಲೂ ಇದನ್ನು ಬಲ್ಲ ಹಿರಿಯರು, ದನಗಾಹಿಗಳು, ಸೌದೆ ತರುವ ಹೆಂಗಸರು ಇದ್ದಾರೆ. ಜಾತಿಯ ಆಯ್ಕೆ ಅವರೊಂದಿಗೆ ಕೂತು ಆಗಲಿ. ನೀರು, ಬೇಲಿಯ ಹೊಣೆಯ ಜೊತೆಗೆ ಫಲದ ಹಕ್ಕೂ ಊರಿಗೇ ಇರಲಿ. ಲೆಕ್ಕವನ್ನು ನೆಟ್ಟ ದಿನದ ಬದಲು ಮೂರನೆಯ ಬೇಸಿಗೆ ದಾಟಿದ ಮೇಲೆ ಬರೆಯೋಣ. ಆಗ ಸಂಖ್ಯೆ ಕಡಿಮೆಯಾದೀತು, ಆದರೆ ಅದು ನಂಬಬಹುದಾದ ಸಂಖ್ಯೆಯಾಗಿರುತ್ತದೆ.