‘ಆರಾಮ’ ಅನ್ನುವವರಿಗೆ 30 ಪ್ರಶ್ನೆ

ನಮ್ಮ ಜಮಖಂಡಿ, ಮುಧೋಳ, ಬೀಳಗಿ ಕಡೆಯ ಮಂದಿಗೆ ‘ಹೆಂಗದೀರಿ?’ ಅಂತ ಕೇಳಿ ನೋಡಿ. ಜ್ವರ ಇರಲಿ, ಸಾಲ ಇರಲಿ, ಉತ್ತರ ಒಂದೇ: ‘ಆರಾಮ ಅದೀನ್ರಿ’. ಸಂತೆಯಲ್ಲಿ ಈ ಮಾತು ಚೆಂದ. ಕ್ಯಾನ್ಸರ್ ವೈದ್ಯರ ಮುಂದೆ ಹೇಳಿದರೆ ಕಷ್ಟ.

ಬನಹಟ್ಟಿಯಲ್ಲಿ ಪವರ್‌ಲೂಮ್ ನಡೆಸುವ ನಮ್ಮ ಕಾಕಾನಿಗೆ ಹೋದ ವರ್ಷ ಗಂಟಲಿನ ಕ್ಯಾನ್ಸರ್ ಬಂತು. ಆಸ್ಪತ್ರೆಗೆ ಜೊತೆಗೆ ಹೋಗುವ ಕೆಲಸ ನನ್ನ ಪಾಲಿಗೆ ಬಿತ್ತು. ರೇಡಿಯೇಷನ್ ಶುರುವಾದ ಮೇಲೆ ರೊಟ್ಟಿ ಬಿಟ್ಟು ಗಂಜಿಗೆ ಇಳಿದಿದ್ದರೂ ಡಾಕ್ಟರ್ ಕೇಳಿದಾಗ ಕಾಕಾ ‘ಆರಾಮ’ ಅಂದೇ ಹೇಳುತ್ತಿದ್ದ. ಅವರಾದರೂ ಏನು ಮಾಡಿಯಾರು, ಹೊರಗೆ ಅಷ್ಟುದ್ದ ಪಾಳಿ.

ಬಿ.ಎಸ್ಸಿ.ಯಲ್ಲಿ ಸಂಖ್ಯಾಶಾಸ್ತ್ರ ಓದುವ ನನಗೆ, ಈ ‘ಆರಾಮ’ವನ್ನು ಅಳೆಯಲು ಆಗುತ್ತದೆಯೇ ಎಂಬ ಪ್ರಶ್ನೆ ತಲೆಯಲ್ಲಿ ಕೂತಿತು. ಹುಡುಕಿದಾಗ ಸಿಕ್ಕಿದ್ದು ‘ಕ್ಯೂಎಲ್‌ಕ್ಯೂ–ಸಿ30’. ಕ್ಯಾನ್ಸರ್ ಸಂಶೋಧನೆಯ ಯುರೋಪಿಯನ್ ಸಂಸ್ಥೆ ಇಒಆರ್‌ಟಿಸಿ ರೂಪಿಸಿದ, 1993ರಲ್ಲಿ ಪ್ರಕಟವಾದ ಪ್ರಶ್ನಾವಳಿ. ಕನ್ನಡದಲ್ಲೂ ಇದೆ. ದೂರ ನಡೆಯಲು ತ್ರಾಸಾಗುತ್ತದೆಯೇ, ಹಸಿವು ಹೇಗಿದೆ, ನಿದ್ದೆ ಬರುತ್ತದೆಯೇ, ಹೀಗೆ 30 ಪ್ರಶ್ನೆ. ಬಹುತೇಕ ಪ್ರಶ್ನೆಗಳಿಗೆ ಕಳೆದ ಒಂದು ವಾರವನ್ನು ನೆನೆದು 1ರಿಂದ 4ರೊಳಗೆ ಅಂಕಿ ಕೊಡಬೇಕು. 1 ಅಂದರೆ ತೊಂದರೆ ಇಲ್ಲವೇ ಇಲ್ಲ, 4 ಅಂದರೆ ಬಹಳ. ಇಲ್ಲಿ ‘ಆರಾಮ’ ಅಂತ ತೇಲಿಸಲು ಜಾಗವಿಲ್ಲ.

ಮೊದಲ ಪ್ರಶ್ನೆಯ ಮೂಲದಲ್ಲಿ ಭಾರದ ಚೀಲ, ಸೂಟ್‌ಕೇಸ್ ಹೊರುವ ಉದಾಹರಣೆ ಇದೆ. ನಮ್ಮಲ್ಲಿ ಸೂಟ್‌ಕೇಸ್ ಹೊರುವವರು ಯಾರು? ಬನಹಟ್ಟಿಯಲ್ಲಿ ಸೀರೆಯ ಗಂಟು, ಮುಧೋಳದಲ್ಲಿ ಕಬ್ಬಿನ ಹೊರೆ ಅಂದರೆ ತಟ್ಟನೆ ತಿಳಿಯುತ್ತದೆ. ಅದಕ್ಕೇ ಇಂಥ ಪ್ರಶ್ನಾವಳಿಯನ್ನು ಅನುವಾದಿಸಿದ ಮೇಲೆ ಮತ್ತೆ ಇಂಗ್ಲಿಷಿಗೆ ತಿರುಗಿಸಿ ಹೋಲಿಸುತ್ತಾರೆ, ಕೆಲವು ರೋಗಿಗಳ ಮುಂದಿಟ್ಟು ಅರ್ಥವಾಯಿತೇ ಎಂದು ಕೇಳುತ್ತಾರೆ.

ರೋಗಿ ತಾನೇ ಕೊಟ್ಟ ಅಂಕಿಯನ್ನು ನಂಬುವುದು ಹೇಗೆ? ನನಗೂ ಅನುಮಾನವಿತ್ತು. 2009ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ಯಲ್ಲಿ ಬಂದ ವಿಶ್ಲೇಷಣೆ 30 ಪ್ರಯೋಗಗಳ 7,417 ರೋಗಿಗಳ ಉತ್ತರಗಳನ್ನು ಒಟ್ಟುಗೂಡಿಸಿತ್ತು. ವಯಸ್ಸು, ಲಿಂಗ, ರೋಗ ಹರಡಿದೆಯೇ ಎಂಬ ಮಾಹಿತಿಯ ಜೊತೆಗೆ ಓಡಾಡುವ ಶಕ್ತಿ, ನೋವು, ಹಸಿವು ಈ ಮೂರನ್ನೂ ಸೇರಿಸಿದಾಗ ಬದುಕುಳಿಯುವ ಅಂದಾಜು ಇನ್ನಷ್ಟು ನಿಖರವಾಯಿತು. ಸ್ಕ್ಯಾನ್ ಗಡ್ಡೆಯನ್ನು ತೋರಿಸುತ್ತದೆ. ಆ ದೇಹ ಚಿಕಿತ್ಸೆಯನ್ನು ಎಷ್ಟು ತಾಳೀತು ಎಂಬ ಸುಳಿವು ತಟ್ಟೆಯಲ್ಲಿ ಉಳಿದ ಅನ್ನದಲ್ಲೂ ಇರುತ್ತದೆ. ಆದರೆ ಇದು ಗುಂಪಿನ ಲೆಕ್ಕ. ‘ನಿಮಗೆ ಇಷ್ಟೇ ತಿಂಗಳು’ ಎಂದು ಒಬ್ಬರಿಗೆ ಹೇಳುವ ಜಾತಕವಲ್ಲ.

ಅದಕ್ಕಿಂತ ನನಗೆ ಹಿಡಿಸಿದ್ದು ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ಅಧ್ಯಯನ. ಕ್ಯಾನ್ಸರ್ ಹರಡಿದ್ದ 766 ರೋಗಿಗಳಲ್ಲಿ ಒಂದು ಗುಂಪಿನವರು ತಮ್ಮ ಲಕ್ಷಣಗಳನ್ನು ಕಂಪ್ಯೂಟರಿನಲ್ಲಿ ತಿಳಿಸುತ್ತಿದ್ದರು. ಹೆಚ್ಚಾದರೆ ನರ್ಸ್‌ಗೆ ಸಂದೇಶ ಹೋಗುತ್ತಿತ್ತು. 2017ರಲ್ಲಿ ಬಂದ ಫಲಿತಾಂಶದ ಪ್ರಕಾರ, ಆ ಗುಂಪಿನ ಬದುಕಿನ ಅವಧಿಯ ಮಧ್ಯಾಂಕ 31.2 ತಿಂಗಳು, ಉಳಿದವರದು 26. ಅಂಕಿ ಭವಿಷ್ಯ ಹೇಳಿ ಸುಮ್ಮನಾಗಲಿಲ್ಲ, ಅದನ್ನು ಬದಲಿಸಲೂ ನೆರವಾಯಿತು.

ನಾನು 200 ಪುಟದ ಒಂದು ನೋಟ್‌ಬುಕ್ ತಂದೆ. ಪ್ರತಿ ಭಾನುವಾರ ರಾತ್ರಿ ಐದೇ ಸಾಲು: ನುಂಗುವುದು, ಹಸಿವು, ನೋವು, ನಿದ್ದೆ, ನಡೆದಾಟ. ಮೂರನೇ ವಾರ ನುಂಗುವ ಸಾಲಿನಲ್ಲಿ 2 ಇದ್ದದ್ದು 4 ಆಯಿತು. ಹಾಳೆ ನೋಡಿದ ಡಾಕ್ಟರ್ ಕಾಕಾನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು, ಅಂದೇ ಮೂಗಿನ ನಳಿಕೆಯಿಂದ ಆಹಾರ ಶುರುವಾಯಿತು. ಗಂಟಲಿನ ಕ್ಯಾನ್ಸರಿಗೆ ರೇಡಿಯೇಷನ್ ನಡುವೆ ನಿಂತರೆ ಚಿಕಿತ್ಸೆಯ ಫಲವೇ ತಗ್ಗುತ್ತದೆ. ಕಾಕಾನದು ನಿಲ್ಲಲಿಲ್ಲ.

ಪ್ರಶ್ನಾವಳಿಯ 28ನೇ ಪ್ರಶ್ನೆ ಹಣದ ತೊಂದರೆಯದು. ಅದನ್ನು ನಾನು ಜೋರಾಗಿ ಓದಿದಾಗ ಕಾಕಾ ಯೋಚಿಸುತ್ತ ಕೂತ. ಒಳಗಿನಿಂದ ಚಿಗವ್ವ ಕೂಗಿ ಹೇಳಿದಳು: ‘ಮಗ್ಗ ನಿಂತು ಎರಡು ತಿಂಗಳಾತು. ನಾಕಂತ ಬರಿ.’