ಸರ್ವರ್‌ಗೂ ಬೇಕು ಅಧಿಕಾರದ ಮಿತಿ

ನಗದು ಗುಮಾಸ್ತನು ಖಾತೆ ಪುಸ್ತಕವನ್ನು ತಿದ್ದಬಾರದು, ಉಗ್ರಾಣದವನು ಚೆಕ್ಕಿಗೆ ಸಹಿ ಹಾಕಬಾರದು ಎಂಬುದು ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡದ ವರ್ತಕರು ಬಲ್ಲ ಹಳೆಯ ನಿಯಮ. ಕಡಲೆಕಾಯಿ, ಹುಣಸೆಹಣ್ಣಿನ ವಹಿವಾಟಿನ ಬಿಲ್ಲು, ಬಾಕಿ ಪಟ್ಟಿ, ಜಿಎಸ್‌ಟಿ ವಿವರಗಳು ಗಣಕಯಂತ್ರವನ್ನು ಸೇರಿದ ಮೇಲೆ ಇದೇ ನಿಯಮವು ಸರ್ವರ್‌ಗೂ ಅನ್ವಯವಾಗಬೇಕಾಗಿದೆ.

ಅನೇಕ ಲಿನಕ್ಸ್ ಸರ್ವರ್‌ಗಳಲ್ಲಿ ಈ ಹೊಣೆಯನ್ನು ‘ಎಸ್‌ಇ ಲಿನಕ್ಸ್’ ಎಂಬ ಭದ್ರತಾ ವ್ಯವಸ್ಥೆಯು ನಿರ್ವಹಿಸುತ್ತದೆ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯು 2000ದ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿದ ಇದು, 2003ರಲ್ಲಿ ಲಿನಕ್ಸ್‌ನ 2.6ನೇ ಆವೃತ್ತಿಯಲ್ಲಿ ಸೇರ್ಪಡೆಯಾಯಿತು. ಇದರಲ್ಲಿ ಪ್ರತಿ ತಂತ್ರಾಂಶಕ್ಕೂ ಪ್ರತಿ ಕಡತಕ್ಕೂ ಒಂದು ಗುರುತುಚೀಟಿ ಇರುತ್ತದೆ. ಯಾವ ತಂತ್ರಾಂಶವು ಯಾವ ಕಡತವನ್ನು ಓದಬಹುದು, ತಿದ್ದಬಹುದು ಎಂಬುದನ್ನು ನಿಯಮಾವಳಿಯು ನಿರ್ಧರಿಸುತ್ತದೆ. ಮಿತಿಗೊಳಪಟ್ಟ ತಂತ್ರಾಂಶಕ್ಕೆ ಅನುಮತಿಸದೆ ಇದ್ದುದೆಲ್ಲ ನಿಷಿದ್ಧ.

ತೊಡಕು ಇರುವುದು ಇಲ್ಲಿಯೇ. ಸಿದ್ಧ ನಿಯಮಾವಳಿಗೆ ವರ್ತಕರು ಹೇಳಿ ಬರೆಸಿದ ಬಿಲ್ಲಿಂಗ್ ತಂತ್ರಾಂಶದ ಪರಿಚಯವಿರುವುದಿಲ್ಲ. ವೆಬ್ ಸರ್ವರ್‌ನ ಅಧೀನದಲ್ಲಿ ನಡೆದರೆ ಅದು ತಡೆಗೊಳಗಾಗಬಹುದು. ಪ್ರತ್ಯೇಕವಾಗಿ ನಡೆದರೆ ಸಾಮಾನ್ಯವಾಗಿ ಯಾವ ಮಿತಿಯೂ ಇಲ್ಲದೆ ಓಡುತ್ತದೆ. ತಡೆ ಬಂದೊಡನೆ ವ್ಯವಸ್ಥೆಯನ್ನೇ ನಿಷ್ಕ್ರಿಯಗೊಳಿಸುವುದು, ಬೀಗದ ಕೈ ಹೊಂದಲಿಲ್ಲವೆಂದು ಉಗ್ರಾಣದ ಬಾಗಿಲನ್ನೇ ಕಿತ್ತಿಟ್ಟಂತೆ.

ಸರಿಯಾದ ಮಾರ್ಗವೆಂದರೆ ಆ ತಂತ್ರಾಂಶಕ್ಕೆಂದೇ ಪ್ರತ್ಯೇಕ ನಿಯಮ ಬರೆಯುವುದು. ಮೊದಲು ಆ ಒಂದು ತಂತ್ರಾಂಶವನ್ನು ಮಾತ್ರ, ತಡೆಯದೆ ದಾಖಲಿಸುವ ‘ಪರ್ಮಿಸಿವ್’ ಸ್ಥಿತಿಯಲ್ಲಿರಿಸಿ, ಬಿಲ್ಲು, ತಿಂಗಳ ಮುಕ್ತಾಯ, ಬ್ಯಾಕಪ್ ಎಲ್ಲವನ್ನೂ ನಡೆಸಿ ನೋಡಬೇಕು. ದಾಖಲೆಯನ್ನು ಪರಿಶೀಲಿಸಿ, ಗುರುತುಚೀಟಿ ತಪ್ಪಿದ್ದರೆ ಅದನ್ನು ಸರಿಪಡಿಸಬೇಕು. ಉಳಿದುದಕ್ಕೆ ಮಾತ್ರ ಹೊಸ ನಿಯಮ. ‘ಆಡಿಟ್‌ಟುಅಲೋ’ ಎಂಬ ಸಾಧನವು ದಾಖಲೆಯಿಂದಲೇ ಕರಡು ನಿಯಮಗಳನ್ನು ಸಿದ್ಧಪಡಿಸುತ್ತದೆ. ಅದನ್ನು ಇಡಿಯಾಗಿ ಒಪ್ಪುವುದು, ಓದದೆ ವೋಚರುಗಳಿಗೆ ಸಹಿ ಹಾಕುವುದಕ್ಕೆ ಸಮಾನ. ಕೊನೆಯಲ್ಲಿ ತಂತ್ರಾಂಶವನ್ನು ‘ಎನ್‌ಫೋರ್ಸಿಂಗ್’ ಸ್ಥಿತಿಗೆ ಮರಳಿಸಲು ಮರೆಯಬಾರದು.

ಇದು ತಾಂತ್ರಿಕರಿಗಷ್ಟೇ ಸೇರಿದ ವಿಷಯವಲ್ಲ. ಸೈಬರ್ ಘಟನೆಗಳನ್ನು 6 ಗಂಟೆಗಳೊಳಗೆ ವರದಿ ಮಾಡಬೇಕು, ದಾಖಲೆಗಳನ್ನು 180 ದಿನ ಕಾಯ್ದಿಡಬೇಕು ಎಂದು ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ನಿರ್ದೇಶಿಸಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಸಮಂಜಸ ಭದ್ರತಾ ಕ್ರಮ ಕೈಗೊಳ್ಳದವರಿಗೆ ಗರಿಷ್ಠ 250 ಕೋಟಿ ರೂಪಾಯಿ ದಂಡವನ್ನು ನಿಗದಿಪಡಿಸಿದೆ.

ಆದುದರಿಂದ ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿ ಮೂರು ಅಂಶಗಳನ್ನು ಲಿಖಿತವಾಗಿ ಪಡೆಯುವುದು ಒಳಿತು: ಭದ್ರತಾ ವ್ಯವಸ್ಥೆಯು ಜಾರಿಯಲ್ಲಿದೆಯೆಂಬ ದೃಢೀಕರಣ, ಸೇರಿಸಿದ ಪ್ರತಿ ನಿಯಮಕ್ಕೂ ಕಾರಣ, ಹಾಗೂ ಆ ನಿಯಮಗಳ ಒಂದು ಪ್ರತಿ. ತಂತ್ರಾಂಶ ಬರೆದವರು ಬದಲಾದರೂ ಈ ಪ್ರತಿಯು ವರ್ತಕರ ಕೈಯಲ್ಲಿ ಉಳಿದಿರಬೇಕು.