ಅಚ್ಚಿನ ಮೊಳೆಯೂ ಧರ್ಮದ ಆಶ್ರಯವೂ

ಮಾರಿಕುಪ್ಪಂ ಗಣಿಗಳು ನಡೆಯುತ್ತಿದ್ದ ಕಾಲದಲ್ಲಿ ಮೊದಲು ಹಣವು ನೆಲಕ್ಕಿಳಿದು, ಅನಂತರ ಚಿನ್ನವು ಮೇಲೇರುತ್ತಿತ್ತು. ಗ್ರಂಥಮುದ್ರಣದ ಕ್ರಮವೂ ಹಿಂದೆ ಇಂಥದೇ ಆಗಿದ್ದಿತು. ಕಾಗದವನ್ನು ಕೊಂಡು, ಮೊಳೆಗಳನ್ನು ಎರಕ ಹೊಯ್ಯಿಸಿ, ಅವನ್ನು ಜೋಡಿಸುವವರಿಗೆ ಕೂಲಿಯಿತ್ತು, ತಿಂಗಳುಗಟ್ಟಲೆ ಕಾದ ಮೇಲೆಯೇ ಮೊದಲ ಪ್ರತಿಯು ಮಾರಾಟಕ್ಕೆ ಸಿದ್ಧವಾಗುತ್ತಿದ್ದುದು. ಅದುವರೆಗಿನ ವೆಚ್ಚವನ್ನು ಹೊರುವವರಾರು? ಯೂರೋಪಿನಲ್ಲಿ ಅನೇಕ ವೇಳೆ ಈ ಭಾರವನ್ನು ಹೊತ್ತವು ಧರ್ಮಪೀಠ ಮತ್ತು ಅರಮನೆ.

ಆಂಟ್ವರ್ಪ್ ನಗರದ ಮುದ್ರಕನಾದ ಪ್ಲಾಂಟಿನ್ನನು ಸ್ಪೇನಿನ ದೊರೆ ಎರಡನೆಯ ಫಿಲಿಪ್ಪನ ಆಶ್ರಯದಲ್ಲಿ 1568ರಿಂದ 1572ರವರೆಗೆ ಬಹುಭಾಷಾ ಬೈಬಲ್ಲನ್ನು ಎಂಟು ಸಂಪುಟಗಳಲ್ಲಿ ಅಚ್ಚು ಹಾಕಿದನು. ದೊರೆಯ ಹಣವು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಬೈಬಲ್ಲು ಅವನಿಗೆ ಕೀರ್ತಿಯನ್ನು ತಂದಿತು. ಅಚ್ಚುಕೂಟಕ್ಕೆ ಎಡೆಬಿಡದ ಕೆಲಸವನ್ನಿತ್ತದ್ದು ಸ್ಪೇನಿನ ಚರ್ಚುಗಳಿಗೆ ಪೂಜಾಗ್ರಂಥಗಳನ್ನು ಒದಗಿಸುವ ವಿಶೇಷಾಧಿಕಾರ.

ಕನ್ನಡ ನಾಡಿನಲ್ಲಿಯೂ ಅಚ್ಚಿನ ಆರಂಭವು ಧರ್ಮಪ್ರಚಾರದೊಡನೆ ಬೆಸೆದುಕೊಂಡಿದೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರು ಬೈಬಲ್ಲನ್ನು ಕನ್ನಡಕ್ಕೆ ತಂದರು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1841ರಲ್ಲಿ ಅಚ್ಚುಕೂಟವನ್ನು ಸ್ಥಾಪಿಸಿದರು. ಒತ್ತಕ್ಷರ, ಗುಣಿತಾಕ್ಷರಗಳಿಂದ ಕೂಡಿದ ನಮ್ಮ ಲಿಪಿಗೆ ನೂರಾರು ಮೊಳೆಗಳು ಬೇಕು. ಕಲ್ಲಚ್ಚಿನಲ್ಲಿಯಾದರೋ ಕೈಬರಹವನ್ನೇ ಕಲ್ಲಿಗಿಳಿಸಬಹುದು. 1843ರ ‘ಮಂಗಳೂರ ಸಮಾಚಾರ’ವು ಈ ಕಲ್ಲಚ್ಚಿನಿಂದಲೇ ಹೊರಬಂದಿತು.

ಆದರೆ ಆಶ್ರಯದ ಫಲವು ಆಶ್ರಯದಾತನ ಉದ್ದೇಶವನ್ನು ಮೀರಿ ಬೆಳೆಯುವುದುಂಟು. ಮೋಗ್ಲಿಂಗ್ ಪಾದ್ರಿಗಳು 1848ರಿಂದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದುವನ್ನು ಒಂದು ಗ್ರಂಥಮಾಲೆಯಾಗಿ ಪ್ರಕಟಿಸಿದರು. ಇದಕ್ಕೆ ದ್ರವ್ಯಸಹಾಯ ಮಾಡಿದವರು ನಿವೃತ್ತ ನ್ಯಾಯಾಧೀಶರಾದ ಕ್ಯಾಸಮೇಜರ್. ಹೀಗೆ ಕ್ರಿಸ್ತಮತ ಪ್ರಚಾರಕ್ಕೆಂದು ನಿಂತ ಅಚ್ಚುಕೂಟದಲ್ಲಿ ವೈಷ್ಣವ, ವೀರಶೈವ ಕೃತಿಗಳು ಬೆಳಕನ್ನು ಕಂಡವು. 1894ರಲ್ಲಿ ಕಿಟ್ಟೆಲ್ಲರ ಮಹಾನಿಘಂಟು ಹೊರಬಂದದ್ದೂ ಮಂಗಳೂರಿನಲ್ಲಿಯೇ.

ಇದರಿಂದ ನಾವು ಗ್ರಹಿಸತಕ್ಕದ್ದೇನು? ಮುದ್ರಿತ ಗ್ರಂಥವೊಂದನ್ನು ಕೈಗೆತ್ತಿಕೊಂಡಾಗ ಕರ್ತೃವಿನ ಹೆಸರಿನೊಡನೆ ಹಣವಿತ್ತವರಾರೆಂಬುದನ್ನೂ ವಿಚಾರಿಸಬೇಕು. ಆಯ್ಕೆಯ ಕಾರಣವು ಬಹುಮಟ್ಟಿಗೆ ಅಲ್ಲಿರುತ್ತದೆ. ಆಶ್ರಯ ದೊರೆತ ಗ್ರಂಥವು ಸಾವಿರ ಮನೆಗಳನ್ನು ಸೇರುತ್ತದೆ; ದೊರೆಯದ ಗ್ರಂಥವು ಅಟ್ಟದ ಮೇಲಿನ ತಾಳೆಗರಿಯಲ್ಲಿಯೇ ಉಳಿದು ಹುಳುವಿಗೆ ಆಹಾರವಾಗುತ್ತದೆ. ಅದರಲ್ಲಿ ಎಂಥ ಸತ್ತ್ವವಿದ್ದಿತೆಂಬುದನ್ನು ಹೇಳಲು ಆಮೇಲೆ ಯಾರೂ ಇರುವುದಿಲ್ಲ.